ಸಣ್ಣ ಬೆಂಕಿಗೆಂದೇ ಮಾಡಿದ ಮಣ್ಣಿನ ಒಲೆ

ಮೆಕ್ಸಿಕೊದ ಮನೆಯಂಗಳಗಳಿಂದ ಹೊರಟು ಅಮೆರಿಕ, ಬ್ರಿಟನ್ನುಗಳ ಹಿತ್ತಲುಗಳನ್ನು ಸೇರಿದ ಮಣ್ಣಿನ ಅಗ್ಗಿಷ್ಟಿಕೆಯೊಂದಿದೆ. ಅದನ್ನು ಚಿಮೆನೆಯಾ ಎನ್ನುತ್ತಾರೆ. ದುಂಡನೆಯ ಹೊಟ್ಟೆ, ಸೌದೆ ಇಡಲು ಮುಂಭಾಗದಲ್ಲೊಂದು ಅಗಲವಾದ ಬಾಯಿ, ನೆತ್ತಿಯ ಮೇಲೆ ನೆಟ್ಟಗೆ ಎದ್ದ ಹೊಗೆಗೂಡು, ಇಡೀ ಒಡಲನ್ನು ಹೊತ್ತ ಕಬ್ಬಿಣದ ಮುಕ್ಕಾಲಿ: ಇಷ್ಟೇ ಅದರ ರಚನೆ. ಇಂದು ಇದರ ಮುಖ್ಯ ಕೆಲಸ ಅಡುಗೆಯಲ್ಲ. ಹೊತ್ತು ಮುಳುಗಿದ ಮೇಲೆ ಚಳಿ ಏರುವ ಊರುಗಳಲ್ಲಿ ಬಯಲಲ್ಲೇ ಕುಳಿತು ಮೈ ಕಾಯಿಸಿಕೊಳ್ಳಲು ನೆರವಾಗುವುದು. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ತೋಟದ ಅಂಗಡಿಗಳಲ್ಲಿ ಇದಕ್ಕೆ ಭಾರಿ ಬೇಡಿಕೆ ಬಂತು. ಬೇಡಿಕೆಯ ಬೆನ್ನಿಗೇ ದೂರೂ ಬಂತು: ಮಣ್ಣು ಬಿರುಕು ಬಿಡುತ್ತದೆ, ಒಂದೆರಡು ಚಳಿಗಾಲಕ್ಕೆ ಒಡೆದುಹೋಗುತ್ತದೆ. ತಯಾರಕರು ಅದೇ ಆಕಾರವನ್ನು ಎರಕದ ಕಬ್ಬಿಣದಲ್ಲಿ, ಉಕ್ಕಿನಲ್ಲಿ, ಅಲ್ಯೂಮಿನಿಯಮ್ಮಿನಲ್ಲಿ ಮಾಡಿ ಮಾರತೊಡಗಿದರು. ಸಮಸ್ಯೆ ಅಲ್ಲಿಗೆ ಬಗೆಹರಿಯಿತೆಂದು ಬಹಳ ಜನ ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಒಲೆಯ ಆಕಾರವೂ ಅದರ ಮಣ್ಣೂ ಸಣ್ಣ ಬೆಂಕಿಗೆ ಹೊಂದಿಸಿದವು. ಬಿರುಕು ಬಿಡುವುದು ಹೆಚ್ಚಾಗಿ ಆ ಮಿತಿಯನ್ನು ಮೀರಿದಾಗ. ಮಣ್ಣನ್ನು ತೆಗೆದು ಲೋಹ ಇಟ್ಟವರು ಒಲೆಯ ದೋಷವನ್ನು ತಿದ್ದಲಿಲ್ಲ, ಅದರ ಮಿತಿಯನ್ನು ಕಿತ್ತುಹಾಕಿದರು.

ಮೊದಲು ಪರಂಪರೆಯ ಮಾತು. ಮಾರುವವರು ಇದಕ್ಕೆ ನಾನೂರು ವರ್ಷಗಳ ವಯಸ್ಸು ಕಟ್ಟುತ್ತಾರೆ; ಕೆಲವರು ಇನ್ನೂ ಹಿಂದಕ್ಕೆ, ಆಜ್ಟೆಕರ ಕಾಲಕ್ಕೇ ಒಯ್ಯುತ್ತಾರೆ. ಆಜ್ಟೆಕರವರೆಗಿನ ಜಿಗಿತಕ್ಕೆ ಆಧಾರವಿಲ್ಲ. ಸ್ಪೇನಿನವರು 1521ರಲ್ಲಿ ಆಜ್ಟೆಕರ ರಾಜಧಾನಿ ತೆನೋಚ್ಟಿಟ್ಲಾನನ್ನು ಗೆಲ್ಲುವ ಮುನ್ನ ಅಲ್ಲಿನ ಮನೆಯ ಬೆಂಕಿ ಉರಿಯುತ್ತಿದ್ದುದು ನೆಲದ ಮೇಲಿನ ಮೂರು ಕಲ್ಲುಗಳ ನಡುವೆ. ಹೊಗೆ ಹೋಗಲು ಪ್ರತ್ಯೇಕ ಕೊಳವೆ ಇರಲಿಲ್ಲ. ಹುಲ್ಲು ಚಾವಣಿಯ ಸಂದುಗಳೇ ಅದರ ದಾರಿ. ಮೆಕ್ಸಿಕೊ ನಗರದ ದಕ್ಷಿಣ ಭಾಗದಲ್ಲಿರುವ ಕ್ವಿಕ್ವಿಲ್ಕೊದಲ್ಲಿ ಸಿಕ್ಕ ಮಣ್ಣಿನ ಮೂರ್ತಿಗಳಲ್ಲೂ ತೆವೊತಿವಕಾನಿನ ಕಲ್ಲಿನ ಮೂರ್ತಿಗಳಲ್ಲೂ ಮುದಿ ಅಗ್ನಿದೇವ ತಲೆಯ ಮೇಲೆ ಕೆಂಡದ ಬೋಗುಣಿ ಹೊತ್ತು ಕುಳಿತಿದ್ದಾನೆ. ಅದೂ ತೆರೆದ ಬೋಗುಣಿಯೇ. ಹೊಗೆಗೂಡು ಸಾಗರ ದಾಟಿ ಬಂದದ್ದು. ಆದ್ದರಿಂದ ಚಿಮೆನೆಯಾ ಎಷ್ಟೇ ಹಳೆಯದಾದರೂ ಸ್ಪೇನಿನವರ ಬರವಿಗಿಂತ ಹಳೆಯದಾಗಲಾರದು. ಕೊಂಡೊಯ್ಯಬಹುದಾದ ತೋಟದ ಸರಕಾಗಿ ಅದು ಹಬ್ಬಿದ್ದಂತೂ ನಮ್ಮ ಕಾಲದಲ್ಲೇ. ಹಾಗಾದರೆ ಪರಂಪರೆಯೆಂಬುದು ಬರೀ ಜಾಹೀರಾತೇ? ಅಲ್ಲ. ಹಳೆಯದಾಗಿರುವುದು ಆಕಾರವಲ್ಲ, ಮಣ್ಣನ್ನು ಬೆಂಕಿಗೆ ಒಡ್ಡುವ ವಿದ್ಯೆ. ಮೆಕ್ಸಿಕೊದ ಹೆಣ್ಣುಮಕ್ಕಳು ಮೆಕ್ಕೆಜೋಳದ ತೊರ್ತಿಯಾ ಬೇಯಿಸುತ್ತ ಬಂದ ಕೊಮಾಲ್ ಮಣ್ಣಿನ ಕಾವಲಿಯೇ. ಹುರುಳಿಕಾಯಿಯ ಕಾಳು ಬೇಯುವುದೂ ಸೌದೆಯ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿ. ಯಾವ ಮಣ್ಣು ಉರಿಗೆ ತಾಳುತ್ತದೆ, ಅದಕ್ಕೆ ಎಷ್ಟು ಮರಳು ಬೆರೆಸಬೇಕು ಎಂಬ ತಿಳಿವಳಿಕೆ ಅಲ್ಲಿ ಸಾವಿರಾರು ವರ್ಷಗಳದು.

ಆ ತಿಳಿವಳಿಕೆ ಇನ್ನೂ ದಟ್ಟವಾಗಿ ಉಳಿದಿರುವ ಕಡೆಗಳಲ್ಲಿ ಹಾಲಿಸ್ಕೊ ರಾಜ್ಯದ ಗ್ವಾದಲಹಾರಾ ನಗರದ ಆಸುಪಾಸು ಒಂದು. ನಗರಕ್ಕೆ ಅಂಟಿಕೊಂಡಿರುವ ತೊನಲಾ, ತ್ಲಾಕೆಪಾಕೆ ಎರಡೂ ಕುಂಬಾರರ ಊರುಗಳು. ಹದಿನೇಳನೆಯ ಶತಮಾನದಲ್ಲಿ ಈ ಸೀಮೆಯ ತೆಳು ಗೋಡೆಯ ಕೆಂಪು ಹೂಜಿಗಳು ಹಡಗೇರಿ ಸ್ಪೇನಿಗೆ ಹೋಗುತ್ತಿದ್ದವು. ನೀರನ್ನು ತಂಪಾಗಿ, ಪರಿಮಳವಾಗಿ ಇಡುತ್ತವೆಂದು ಅಲ್ಲಿನ ಸಿರಿವಂತರಿಗೆ ಅವು ಪ್ರಿಯ. ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ 1656ರಲ್ಲಿ ಬರೆದ ‘ಲಾಸ್ ಮೆನಿನಾಸ್’ ಚಿತ್ರದಲ್ಲಿ ಪುಟ್ಟ ರಾಜಕುಮಾರಿಗೆ ತಟ್ಟೆಯಲ್ಲಿಟ್ಟು ನೀಡುತ್ತಿರುವ ಕೆಂಪು ಹೂಜಿ ಮೆಕ್ಸಿಕೊದ ಇಂಥ ಮಣ್ಣಿನದೆಂದೇ ಕಲೆಯ ಇತಿಹಾಸಕಾರರಲ್ಲಿ ಹಲವರು ಗುರುತಿಸುತ್ತಾರೆ. ನೀರು ಒಸರುವಷ್ಟು ಸಣ್ಣ ರಂಧ್ರಗಳು ಮಣ್ಣಿನಲ್ಲಿರುವುದರಿಂದಲೇ ಹೂಜಿ ತಣ್ಣಗಿರುವುದು. ಚಿಮೆನೆಯಾದ ಬಲವೂ ದೌರ್ಬಲ್ಯವೂ ಇರುವುದು ಅವೇ ರಂಧ್ರಗಳಲ್ಲಿ, ಆದ್ದರಿಂದ ಈ ಮಾತನ್ನು ತುಸು ಬಿಡಿಸಿ ನೋಡಬೇಕು.

ಸುಟ್ಟ ಮಣ್ಣು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಒಳಗೆ ಬೆಂಕಿ ಎದ್ದಾಗ ಗೋಡೆಯ ಒಳಮೈ ಬಿಸಿಯಾಗಿ ಹಿಗ್ಗುತ್ತದೆ. ಮಣ್ಣಿನಲ್ಲಿ ಶಾಖ ನಿಧಾನವಾಗಿ ಹರಿಯುವುದರಿಂದ ಹೊರಮೈ ಇನ್ನೂ ತಣ್ಣಗಿರುತ್ತದೆ. ಹಿಗ್ಗಿದ ಒಳಮೈ ಹಿಗ್ಗದ ಹೊರಮೈಯನ್ನು ಎಳೆಯುತ್ತದೆ. ಎಳೆತ ಮಿತಿ ಮೀರಿದಾಗ ಹೊರಗಿನಿಂದ ಬಿರುಕು ಹುಟ್ಟುತ್ತದೆ. ಕಾವಲಿ ತೆಳ್ಳಗಿರುವುದರಿಂದ ಎರಡೂ ಮೈ ಬೇಗ ಸಮನಾಗಿ ಕಾಯುತ್ತವೆ, ದಿನಾ ಉರಿಯ ಮೇಲಿಟ್ಟರೂ ಬಾಳುತ್ತದೆ. ಚಿಮೆನೆಯಾದ ಗೋಡೆ ದಪ್ಪ, ಒಡಲು ದೊಡ್ಡದು, ಹೊಟ್ಟೆಗೂ ಹೊಗೆಗೂಡಿಗೂ ನಡುವೆ ಆಕಾರವೇ ಬದಲಾಗುವ ಕಂಠವಿದೆ. ಹಾಗಾಗಿ ಅದಕ್ಕೆ ಸಾವಧಾನ ಬೇಕು. ಮಣ್ಣಿನಲ್ಲಿ ಬೆರೆತ ಮರಳಿನ ಕಣಗಳೂ ಒಂದು ಗೆರೆ ಎಳೆಯುತ್ತವೆ: ಬೆಣಚುಕಲ್ಲಿನ ಕಣ 573 ಡಿಗ್ರಿ ಸೆಲ್ಸಿಯಸ್ ದಾಟುವಾಗ ಥಟ್ಟನೆ ಉಬ್ಬುತ್ತದೆ. ಸಣ್ಣ ಉರಿಯಲ್ಲಿ ಗೋಡೆ ಆ ಬಿಸಿಯ ಹತ್ತಿರಕ್ಕೂ ಹೋಗುವುದಿಲ್ಲ. ಕೊರಡುಗಳನ್ನು ಬಾಯಿತುಂಬ ತುರುಕಿ ಗೋಡೆಗೆ ಒರಗಿಸಿದರೆ, ಕೆಂಡ ತಾಗಿದ ಜಾಗ ಆ ಬಿಸಿಯನ್ನು ಮುಟ್ಟಬಹುದು. ಇದರ ಮೇಲೆ ನೀರಿನ ಕಾಟ. ಮಳೆಯಲ್ಲಿ ನೆನೆದ ಮಣ್ಣು ನೀರನ್ನು ಹೀರಿಕೊಂಡಿರುತ್ತದೆ. ಒಮ್ಮೆಲೇ ದೊಡ್ಡ ಬೆಂಕಿ ಹಾಕಿದರೆ ಆ ನೀರು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಲು ಹವಣಿಸುತ್ತದೆ. ಹೆಪ್ಪುಗಟ್ಟಿದರೆ ಸುಮಾರು ನೂರಕ್ಕೆ 9ರಷ್ಟು ಹಿಗ್ಗಿ ಗೋಡೆಯನ್ನು ಒಳಗಿನಿಂದಲೇ ಸೀಳುತ್ತದೆ. ಗ್ವಾದಲಹಾರಾ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ. ಮಳೆಯೆಲ್ಲ ಹೆಚ್ಚುಕಡಿಮೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿದು ಚಳಿಗಾಲ ಒಣಗಿರುತ್ತದೆ, ಹಿಮಗಟ್ಟುವ ರಾತ್ರಿಗಳು ಅಪರೂಪ. ಬೆಂಕಿ ಬೇಕಾಗುವ ಕಾಲ ಅಲ್ಲಿ ಮಣ್ಣು ಒಣಗಿರುವ ಕಾಲವೂ ಹೌದು. ಬ್ರಿಟನ್ನಿನಲ್ಲಿ ಚಳಿಯೂ ತೇವವೂ ಒಟ್ಟಿಗೇ ಬರುತ್ತವೆ. ಹೊದಿಕೆಯಿಲ್ಲದೆ ಅಲ್ಲಿ ಬಯಲಲ್ಲಿ ಬಿಟ್ಟ ಮಣ್ಣಿನ ಒಲೆ ಒಡೆದರೆ ಅದರಲ್ಲಿ ಕುಂಬಾರನ ತಪ್ಪೇನಿದೆ?

ಬೆಂಕಿ ಸಣ್ಣದಿರಬೇಕೆಂಬುದನ್ನು ಆಕಾರವೂ ಹೇಳುತ್ತದೆ. ಹೊಗೆಗೂಡಿನೊಳಗಿನ ಗಾಳಿ 300 ಡಿಗ್ರಿಗೆ ಕಾದರೆ ಅದರ ತೂಕ ಹೊರಗಿನ ತಂಪು ಗಾಳಿಯ ಅರ್ಧಕ್ಕೆ ಇಳಿಯುತ್ತದೆ. ಹಗುರವಾದದ್ದು ಮೇಲೇರುತ್ತದೆ, ಖಾಲಿಯಾದ ಜಾಗಕ್ಕೆ ಬಾಯಿಯಿಂದ ಹೊಸ ಗಾಳಿ ನುಗ್ಗುತ್ತದೆ, ಊದುಕೊಳವೆಯ ಹಂಗಿಲ್ಲದೆ ಬೆಂಕಿ ಉರಿಯುತ್ತದೆ. ಬಾಯಿಯ ಎದುರು ಕುಳಿತವರಿಗೆ ಉರಿಯ ಕಾವು ನೇರವಾಗಿ ತಾಗುತ್ತದೆ, ಹೊಗೆ ಮಾತ್ರ ತಲೆಯ ಮೇಲೆ ಹೋಗುತ್ತದೆ. ಬಯಲಲ್ಲಿ ಹಾಕಿದ ಅಗ್ಗಿಷ್ಟಿಕೆಯ ಸುತ್ತ ಕುಳಿತವರು ಗಾಳಿ ತಿರುಗಿದಾಗಲೆಲ್ಲ ಎದ್ದು ಜಾಗ ಬದಲಿಸಬೇಕು. ಇಲ್ಲಿ ಆ ಪರದಾಟ ಕಡಿಮೆ, ಕಿಡಿಗಳೂ ಬಹುಮಟ್ಟಿಗೆ ಹೊಟ್ಟೆಯೊಳಗೇ ಉಳಿಯುತ್ತವೆ. ಆದರೆ ಆ ಕಿರಿದಾದ ಕೊಳವೆ ಹೊರಗೆ ಸಾಗಿಸಬಲ್ಲ ಹೊಗೆಗೆ ಒಂದು ಲೆಕ್ಕವಿದೆ. ಅದನ್ನು ಮೀರಿ ಸೌದೆ ತುಂಬಿದರೆ ಉಳಿದ ಹೊಗೆ ಬಾಯಿಯಿಂದಲೇ ಹೊರಬಂದು ಕುಳಿತವರ ಕಣ್ಣಿಗೆ ನುಗ್ಗುತ್ತದೆ, ಜ್ವಾಲೆ ಹೊಗೆಗೂಡಿನ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಜಾಹೀರಾತಿನ ಚಿತ್ರಗಳಲ್ಲಿ ಆ ಜ್ವಾಲೆ ಚೆಂದ ಕಂಡೀತು, ನಿಜದಲ್ಲಿ ಅದು ಬೆಂಕಿ ಅತಿಯಾಯಿತೆಂಬ ಸೂಚನೆ.

ಇಲ್ಲಿ ಲೋಹದ ಪರವಾಗಿರುವವರ ಮಾತನ್ನು ಗೌರವದಿಂದಲೇ ಕೇಳಬೇಕು. ಎರಕದ ಕಬ್ಬಿಣ ಹೆಚ್ಚು ಕಾಲ ಬಾಳುತ್ತದೆ, ದೊಡ್ಡ ಉರಿಗೆ ಅಂಜುವುದಿಲ್ಲ, ಮೇಲೊಂದು ಜಾಲರಿ ಇಟ್ಟು ಅಡುಗೆಯನ್ನೂ ಮಾಡಬಹುದು. ವರ್ಷಕ್ಕೆ ನಾಲ್ಕೈದು ತಿಂಗಳು ಹಿಮ ಬೀಳುವ ಊರಿನಲ್ಲಿ, ಒಲೆಯನ್ನು ಒಳಗೆ ಎತ್ತಿಡಲು ಜಾಗವಿಲ್ಲದವರಿಗೆ, ಅದೇ ಸರಿಯಾದ ಆಯ್ಕೆ ಎಂದು ಒಪ್ಪುತ್ತೇನೆ. ಆದರೆ ಬಾಳಿಕೆಯೊಂದೇ ಅಳತೆಯಲ್ಲ. ಕಬ್ಬಿಣ ಶಾಖವನ್ನು ಮಣ್ಣಿಗಿಂತ ಹತ್ತಾರು ಪಟ್ಟು ವೇಗವಾಗಿ ಹರಿಸುತ್ತದೆ. ಬೆಂಕಿ ಎದ್ದ ಸ್ವಲ್ಪ ಹೊತ್ತಿಗೇ ಹೊರಮೈ ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾಯುತ್ತದೆ. ಮಣ್ಣಿನ ಮೈಯೂ ಸುಡುತ್ತದೆ ನಿಜ, ಮಕ್ಕಳನ್ನು ಅದರಿಂದಲೂ ದೂರವಿಡಬೇಕು. ಆದರೆ ಅದು ನಿಧಾನವಾಗಿ ಕಾದು, ಬೆಂಕಿ ನಂದಿದ ಮೇಲೂ ಬಹಳ ಹೊತ್ತು ಹದವಾದ ಬಿಸಿ ಕೊಡುತ್ತದೆ. ಒಂದು ಹಿಡಿ ಸೌದೆಯಿಂದ ಒಂದು ಸಂಜೆ ಕಳೆಯುವುದು ಸಾಧ್ಯವಾಗುವುದು ಇದರಿಂದಲೇ. ಒಡೆಯುವ ವಸ್ತು ಕೀಳೆಂಬ ಎಣಿಕೆಯೂ ಮೆಕ್ಸಿಕೊದ ನೆಲದ್ದಲ್ಲ. ಆಜ್ಟೆಕರು 52 ವರ್ಷಗಳ ಕಾಲಚಕ್ರ ಮುಗಿದಾಗ ನಾಡಿನ ಬೆಂಕಿಯನ್ನೆಲ್ಲ ನಂದಿಸಿ, ಮನೆಯ ಮಡಕೆಗಳನ್ನು ಒಡೆದು, ಒಲೆಗಲ್ಲುಗಳನ್ನೂ ಎಸೆದು, ಬೆಟ್ಟದ ಮೇಲೆ ಹೊಸ ಬೆಂಕಿ ಹೊತ್ತಿಸುತ್ತಿದ್ದರು. ಅಂಥ ಕೊನೆಯ ಆಚರಣೆ ನಡೆದದ್ದು 1507ರಲ್ಲಿ. ಒಡೆದ ಮಡಕೆಯ ಚೂರು ಪುಡಿಯಾಗಿ ಮತ್ತೊಂದು ಮಡಕೆಯ ಮಣ್ಣಿಗೆ ಸೇರಬಲ್ಲದು. ಕುಂಬಾರನಿಗೆ ಕೆಲಸ ಉಳಿಯುವುದು ಜನ ಮತ್ತೆ ಮಡಕೆ ಕೊಳ್ಳುವುದರಿಂದ.

ಇನ್ನೊಂದು ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ: ಹೊಗೆ. ಸೌದೆಯ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವುಗಳ ವಾರ್ಷಿಕ ಸರಾಸರಿ ಮಿತಿಯನ್ನು ಘನಮೀಟರಿಗೆ 5 ಮೈಕ್ರೊಗ್ರಾಂಗೆ ಇಳಿಸಿತು. ಮೆಕ್ಸಿಕೊದ ಮಿಚೊವಾಕಾನ್ ಸೀಮೆಯ ಹಳ್ಳಿಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಹರಡಿದ ಪಾತ್ಸಾರಿ ಒಲೆಗೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗಾಗಿ ರೂಪಿಸಿದ ಅಸ್ತ್ರ ಒಲೆಗೂ ಹೊಗೆಗೂಡು ಇಟ್ಟದ್ದು ಅಡುಗೆಮನೆಯ ಹೊಗೆಯನ್ನು ಹೊರಗೆ ಹಾಕಲು. ಹೊಗೆಗೂಡು ಹೊಗೆಯನ್ನು ಸಾಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ನಮ್ಮ ಅಂಗಳದಿಂದ ಮೇಲೆ ಹೋದದ್ದು ಪಕ್ಕದ ಮನೆಯ ಕಿಟಕಿಗೆ ಇಳಿಯಬಹುದು. ಶಾಖದ ಬಹುಪಾಲು ಹೊಗೆಯೊಂದಿಗೇ ಮೇಲೆ ಹೋಗುವುದರಿಂದ ಇದನ್ನು ಮಿತವ್ಯಯದ ಹೀಟರ್ ಎಂದು ಹೊಗಳುವುದೂ ಸಲ್ಲ. ಬ್ರಿಟನ್ನಿನ ಹೊಗೆ ನಿಯಂತ್ರಣ ವಲಯಗಳಲ್ಲಿ ಹೊರಾಂಗಣದ ಚಿಮೆನೆಯಾಗೆ ಅವಕಾಶವಿದ್ದರೂ ನೆರೆಯವರಿಗೆ ಕಾಟವಾದರೆ ಕಾನೂನು ಅಡ್ಡ ಬರುತ್ತದೆ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಗಾಳಿಯಲ್ಲಿನ ಸೂಕ್ಷ್ಮ ಕಣಗಳ ಕಾರಣಕ್ಕೆ ‘ಸ್ಪೇರ್ ದಿ ಏರ್’ ಎಚ್ಚರಿಕೆ ಹೊರಬಿದ್ದ ದಿನ ಸಾಮಾನ್ಯವಾಗಿ ಮನೆಯ ಒಳಗಾಗಲಿ ಹೊರಗಾಗಲಿ ಸೌದೆ ಉರಿಸುವಂತಿಲ್ಲ. ಈ ನಿಯಮಗಳು ನ್ಯಾಯವಾದವು. ಮಣ್ಣಿನ ಒಲೆಯ ಪರವಾಗಿ ಇಲ್ಲಿ ಹೇಳಬಹುದಾದದ್ದು ಒಂದೇ: ಒಣ ಸೌದೆಯ ಸಣ್ಣ, ಚುರುಕಾದ ಬೆಂಕಿ ಕಡಿಮೆ ಹೊಗೆ ಕೊಡುತ್ತದೆ, ಮತ್ತು ಮಣ್ಣು ಅಂಥ ಬೆಂಕಿಯನ್ನಷ್ಟೇ ಒಪ್ಪುತ್ತದೆ. ಎಷ್ಟು ಬೇಕಾದರೂ ತುಂಬು ಎನ್ನುವ ಲೋಹದ ಒಲೆಯ ಹೊಗೆಯನ್ನು ಊರೇ ಉಣ್ಣಬೇಕು.

ಬಳಸುವ ಕ್ರಮವೆಲ್ಲ ಈ ಮಿತಿಯಿಂದಲೇ ಹುಟ್ಟಿದೆ. ಹೊಟ್ಟೆಯ ತಳಕ್ಕೆ ಮರಳನ್ನೋ ಜ್ವಾಲಾಮುಖಿಯ ಹಗುರ ಕಲ್ಲಿನ ಪುಡಿಯನ್ನೋ ಬಾಯಿಯ ಅಂಚಿಗಿಂತ ಮೂರು ನಾಲ್ಕು ಅಂಗುಲ ಕೆಳಗಿನವರೆಗೆ ತುಂಬಬೇಕು. ಕೆಂಡ ಅದರ ಮೇಲೆ ಕೂರಬೇಕು, ಮಣ್ಣನ್ನು ಮುಟ್ಟಬಾರದು. ಹೊಸ ಒಲೆಯನ್ನು ಪಳಗಿಸಬೇಕು: ಮೊದಲ ಐದಾರು ಸಲ ಪುಳ್ಳೆಯಷ್ಟೇ ಉರಿಸಿ, ಪ್ರತಿ ಸಲವೂ ಪೂರ್ತಿ ಆರಲು ಬಿಡಬೇಕು. ಹೊತ್ತಿಸಲು ಮೆಕ್ಸಿಕೊದಲ್ಲಿ ರಾಳ ತುಂಬಿದ ಪೈನ್ ಮರದ ತೆಳು ಚಕ್ಕೆ ಬಳಸುವುದುಂಟು. ಸೀಮೆಎಣ್ಣೆ, ಪೆಟ್ರೋಲು ಎಂದಿಗೂ ಬೇಡ. ನಂದಿಸಲು ನೀರು ಸುರಿದರೆ ಒಲೆ ಅಲ್ಲೇ ಸೀಳುತ್ತದೆ, ಬೆಂಕಿಯ ಮೇಲೆ ಮರಳು ಹಾಕಿದರೆ ಸಾಕು. ಮಳೆಗಾಲದಲ್ಲಿ ಸೂರಿನಡಿ ಇಡಿ, ಹೊತ್ತಿಸುವಾಗ ಮಾತ್ರ ಬಯಲಿಗೆ ತನ್ನಿ. ಕೋಣೆಯಲ್ಲಿ, ಮುಚ್ಚಿದ ವರಾಂಡದಲ್ಲಿ, ಗುಡಾರದಲ್ಲಿ ಉರಿಸಿದರೆ ಬಣ್ಣ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವವನ್ನೇ ತೆಗೆಯಬಹುದು. ಮರದ ನೆಲ, ಬೇಲಿ, ತೂಗುವ ಕೊಂಬೆಗಳು ಹತ್ತಿರವಿರಕೂಡದು. ತೆರೆದ ಜಾಗವಿಲ್ಲದವರು, ಮನೆಯಲ್ಲಿ ಉಬ್ಬಸದವರಿರುವವರು, ಗೋಡೆಗೆ ಗೋಡೆ ತಾಗಿದ ನೆರೆಯಿರುವವರು ಇದನ್ನು ಕೊಳ್ಳಲೇಬೇಡಿ, ಲೋಹದ್ದನ್ನೂ ಸಹ. ಜಾಗವೂ ಒಣ ಚಳಿಗಾಲವೂ ಇದ್ದರೆ ಮಣ್ಣಿನದನ್ನೇ ಕೊಳ್ಳಿ. ಗೋಡೆಯ ದಪ್ಪ ಎಲ್ಲೆಡೆ ಒಂದೇ ಇದೆಯೇ ಎಂದು ನೋಡಿ, ಬೆರಳ ಗಂಟಿನಿಂದ ತಟ್ಟಿ ಖಣಿಲೆಂದರೆ ಮಾತ್ರ ಹಣ ಕೊಡಿ, ಬೆಂಕಿಯನ್ನು ಸಣ್ಣದಾಗಿಯೇ ಇಡಿ.