ಹಾಯಿದೋಣಿ ಹತ್ತೋ ಮುಂಚೆ ಗಾಳಿ, ಇಳಿತ ನೋಡ್ಕೊಳ್ಳಿ

ಕಾರವಾರ: ಡಿಸೆಂಬರ್ ರಜೆ ಬಂತಂದ್ರೆ ಗೆಳೆಯರ ಗುಂಪುಗಳಿಗೆ ಕಾಳಿ ನದಿ ಅಳಿವೆಯಲ್ಲಿ ದೋಣಿ ಸುತ್ತಾಟ ಬೇಕೇ ಬೇಕು. ಸಣ್ಣ ಹಾಯಿದೋಣಿಯಾದರೆ ಗಾಳಿಯ ಲೆಕ್ಕ ಗೊತ್ತಿರಬೇಕು. ಈ ದಿನಗಳಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ, ಹೋಗೋದು ಸುಲಭ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಅದು ತಿರುಗಿ ದಡದ ಕಡೆ ಬೀಸುತ್ತೆ. ವಾಪಸ್ ತರೋದೂ ಅದೇ. ನಡುವೆ ಗಾಳಿ ಪೂರ್ತಿ ನಿಂತುಬಿಡೋದೂ ಉಂಟು, ಹಾಗಾಗಿ ಹುಟ್ಟು ಮರೀಬಾರದು.

ಕಷ್ಟ ಇರೋದು ಅಳಿವೆ ಬಾಯಲ್ಲಿ. ಇಳಿತದ ನೀರು ಹೊರಗೆ ನುಗ್ಗುವಾಗ ಪಡುಗಾಳಿ ಎದುರಾದರೆ ಅಲೆ ಕಡಿದಾಗಿ ಏಳುತ್ತೆ. ಆಗ ಸೆಲ್ಫಿಗೆಂದು ಎಲ್ಲರೂ ಒಂದೇ ಮಗ್ಗುಲಿಗೆ ಸರಿದ್ರೆ ದೋಣಿ ಮಗುಚೋಕೆ ಮತ್ತೇನೂ ಬೇಡ. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡದ್ದನ್ನು ಇಲ್ಲಿನವರು ಮರೆತಿಲ್ಲ. ಲೈಫ್ ಜಾಕೆಟ್ ಹಲಗೆಯಡಿ ಇದ್ದರೆ ಸಾಲದು, ದಡ ಬಿಡೋ ಮುಂಚೆಯೇ ಮೈಮೇಲಿರಬೇಕು.