ಅಂಚೆಚೀಟಿ ಏರಿದ ಮುಧೋಳದ ನಾಯಿ

2017ರಲ್ಲಿ ಹೊಸ 50 ರೂಪಾಯಿ ನೋಟು ಬಂದಾಗ ಅದರ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿತ್ತು. ಹೊಸಪೇಟೆ, ಚಿತ್ತವಾಡ್ಗಿ, ಕಂಪ್ಲಿ ಕಡೆಯ ಮಕ್ಕಳಿಗೆ ‘ಇದು ನಮ್ಮೂರಿನದು’ ಎಂದು ಹೇಳಿಕೊಳ್ಳಲು ಅಷ್ಟು ಸಾಕಾಯಿತು. ಇಂಥದೇ ಹೆಮ್ಮೆ ಅದಕ್ಕೂ 12 ವರ್ಷ ಮೊದಲು ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಸಿಕ್ಕಿತ್ತು. ತಂದುಕೊಟ್ಟದ್ದು ಗುಡಿಯಲ್ಲ, ಗೋಪುರವಲ್ಲ, ಒಂದು ಬೇಟೆನಾಯಿ!

2005ರ ಜನವರಿ 9ರಂದು ಅಂಚೆ ಇಲಾಖೆ ನಮ್ಮ ದೇಶದ ನಾಯಿ ತಳಿಗಳ ನಾಲ್ಕು ಅಂಚೆಚೀಟಿಗಳನ್ನು ಹೊರತಂದಿತು. ಹಿಮಾಲಯದ ಕುರಿ ಕಾಯುವ ನಾಯಿ, ಉತ್ತರ ಪ್ರದೇಶದ ರಾಂಪುರ ಹೌಂಡ್, ತಮಿಳುನಾಡಿನ ರಾಜಪಾಳಯಂ, ಜೊತೆಗೆ ನಮ್ಮ ಮುಧೋಳ. ಮುಧೋಳದ ಚೀಟಿಯ ಬೆಲೆ 5 ರೂಪಾಯಿ. ಆಗ ಸಾಮಾನ್ಯ ಲಕೋಟೆಗೆ ಹಚ್ಚಬೇಕಾಗಿದ್ದ ಚೀಟಿಯೂ 5 ರೂಪಾಯಿಯದೇ. ಹೀಗಾಗಿ ಎಷ್ಟೋ ಮನೆಗಳಿಗೆ ಈ ನಾಯಿ ಟಪಾಲಿನೊಡನೆ ಬಂದು, ಲಕೋಟೆಯೊಡನೆ ಕಸದ ಬುಟ್ಟಿ ಸೇರಿರಲೂಬಹುದು.

ಉದ್ದನೆಯ ಕಿರಿದಾದ ಮುಖ, ಒಳಗೆ ಸರಿದ ಹೊಟ್ಟೆ, ನೀಳ ಕಾಲು. ವಾಸನೆ ಹಿಡಿದು ಹೋಗುವುದಕ್ಕಿಂತ ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಜಾತಿ ಇದು. ಬಯಲುಸೀಮೆಯ ಬಿಸಿಲಿಗೆ ಜಗ್ಗುವುದಿಲ್ಲ. ಮುಧೋಳದ ಘೋರ್ಪಡೆ ಮನೆತನದ ರಾಜ ಮಾಲೋಜಿರಾವ್ ಈ ತಳಿಯನ್ನು ಪೋಷಿಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರೆಂಬ ಮಾತೂ ಇದೆ. ರಾಜರು ಹೋದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯೂ ನಿಂತಿತು. ನಿಲ್ಲಬೇಕಾದದ್ದೇ. ಆದರೆ ಬೇಟೆಗೆಂದೇ ಬೆಳೆಸಿದ ನಾಯಿಗೆ ಇದ್ದ ಕೆಲಸ ತಪ್ಪಿತು. ಪೇಟೆಯವರು ಅಲ್ಸೇಷಿಯನ್, ಪಾಮೇರಿಯನ್ ಎಂದು ಪರದೇಶಿ ತಳಿಗಳ ಬೆನ್ನು ಹತ್ತಿದಾಗ ಇದನ್ನು ಉಳಿಸಿಕೊಂಡವರು ಮುಧೋಳ ಸುತ್ತಿನ ಹಳ್ಳಿಗರು.

ಅಂಚೆಚೀಟಿ ಬಂದ ಮೇಲೆ ಕಾಲ ಸ್ವಲ್ಪ ತಿರುಗಿತು. 2009ರಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಆರಂಭವಾಯಿತು. 2016ರಲ್ಲಿ ಇಲ್ಲಿನ ಮರಿಗಳು ಸೇನೆಯ ತರಬೇತಿಗಾಗಿ ಮೀರತ್‌ಗೆ ಹೋದವು. ಇದೆಲ್ಲ ಅಂಚೆಚೀಟಿಯ ಪುಣ್ಯ ಎನ್ನಲಾಗದು. ಆದರೆ ಹಳ್ಳಿಯ ನಾಯಿಗೆ ದೇಶವೇ ಬಲ್ಲ ಹೆಸರು ಬರುವುದರಲ್ಲಿ ಅದಕ್ಕೂ ಒಂದು ಪಾಲಿದೆ.

ನಾಯಿಯನ್ನು ಚೀಟಿಗೆ ಏರಿಸುವ ಪದ್ಧತಿ ಹಳೆಯದು. 1887ರಲ್ಲೇ, ಆಗ ಬ್ರಿಟಿಷರ ವಸಾಹತಾಗಿದ್ದ ನ್ಯೂಫೌಂಡ್‌ಲ್ಯಾಂಡ್ ಅರ್ಧ ಸೆಂಟಿನ ಚೀಟಿಯಲ್ಲಿ ತನ್ನದೇ ಹೆಸರಿನ ನಾಯಿಯ ತಲೆಯನ್ನು ಅಚ್ಚು ಹಾಕಿತು. ಬ್ರಿಟನ್ 1979ರಲ್ಲಿ ತನ್ನ ನಾಲ್ಕು ತಳಿಗಳನ್ನು ಮೆರೆಸಿತು. ಅಮೆರಿಕ 2011ರಲ್ಲಿ ಚೀಟಿ ಹೊರಡಿಸಿದ್ದು ಓನಿ ಎಂಬ ಬೆರಕೆ ನಾಯಿಗೆ. 19ನೇ ಶತಮಾನದ ಕೊನೆಯಲ್ಲಿ ಅದು ಟಪಾಲು ಚೀಲಗಳ ಮೇಲೆ ಮಲಗಿ ರೈಲಿನಲ್ಲಿ ಊರೂರು ಸುತ್ತುತ್ತಿತ್ತು.

ಲೈಕಾಳ ಕಥೆ ಮಾತ್ರ ಬೇರೆ. ಮಾಸ್ಕೋದ ಬೀದಿನಾಯಿ ಲೈಕಾಳನ್ನು ಸೋವಿಯತ್ ರಷ್ಯಾ 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಆಕಾಶಕ್ಕೆ ಕಳಿಸಿತು. ಅದೇ ವರ್ಷ ರುಮೇನಿಯ ಆಕೆಯ ಚಿತ್ರದ ಚೀಟಿ ಹೊರಡಿಸಿತು. ಮರಳಿ ಬರುವ ಏರ್ಪಾಡೇ ಇರಲಿಲ್ಲ. ಹಾರಿದ ಕೆಲವೇ ಗಂಟೆಗಳಲ್ಲಿ ಸೆಕೆ ತಾಳಲಾರದೆ ಆಕೆ ಸತ್ತಿದ್ದಳೆಂಬ ಸಂಗತಿ ಹೊರಬಿದ್ದದ್ದು 2002ರಲ್ಲಿ. ಚೀಟಿಯಲ್ಲಿ ಕಾಣುವುದು ಕೀರ್ತಿ ಮಾತ್ರ. ಉಳಿದದ್ದನ್ನು ಹುಡುಕಿ ಓದಬೇಕು. ಈ ಹವ್ಯಾಸದ ರುಚಿ ಇರುವುದೇ ಅಲ್ಲಿ.

ಹೊಸದಾಗಿ ಸಂಗ್ರಹ ಶುರುಮಾಡುವ ಮಕ್ಕಳು ಅಂಗಡಿಯ ಬಣ್ಣದ ಪೊಟ್ಟಣಗಳಿಗೆ ಬೇಗ ಮರುಳಾಗುತ್ತಾರೆ. ಅವುಗಳಲ್ಲಿ ಶಾರ್ಜಾ, ಅಜ್ಮಾನ್ ಹೆಸರಿನ ಅಂದದ ನಾಯಿ ಚೀಟಿಗಳಿರುತ್ತವೆ. 1960-70ರ ದಶಕದಲ್ಲಿ ಸಂಗ್ರಾಹಕರಿಗೆ ಮಾರಲೆಂದೇ ರಾಶಿ ರಾಶಿ ಮುದ್ರಿಸಿದವುಗಳಿವು. ಎಷ್ಟೋ ಚೀಟಿಗಳಿಗೆ ಮುದ್ರೆಯನ್ನೂ ಮೊದಲೇ ಒತ್ತಿಬಿಟ್ಟಿದ್ದರು. ಒಂದು ಕಾಗದವನ್ನೂ ಅವು ಹೊತ್ತು ತಿರುಗಿದ್ದಿಲ್ಲ. ಇಂಥ ನೂರು ಚೀಟಿಗಳಿಗಿಂತ ಹಳೆಯ ಲಕೋಟೆಯಿಂದ ಬಿಡಿಸಿದ, ಊರಿನ ಮುದ್ರೆ ಬಿದ್ದ ಒಂದು ಮುಧೋಳ ನಾಯಿ ಮೇಲು. ಅದನ್ನು ಉಗುರಿನಿಂದ ಕೀಳಬಾರದು. ಚೀಟಿಯ ಸುತ್ತಲಿನ ಕಾಗದ ಕತ್ತರಿಸಿ, ತಣ್ಣೀರಿನಲ್ಲಿ ನೆನೆಹಾಕಿ, ತಾನಾಗಿ ಬಿಟ್ಟ ಮೇಲೆ ಒಣಗಿಸಬೇಕು.

‘ಇದರಿಂದ ಓದು ಕೆಡುತ್ತದೆ’ ಎನ್ನುವ ತಂದೆತಾಯಿಗಳಿಗೆ ಇನ್ನೊಂದು ವಿಷಯ. ಅಂಚೆ ಇಲಾಖೆ 2017ರಲ್ಲಿ ‘ದೀನದಯಾಳ್ ಸ್ಪರ್ಶ್’ ಯೋಜನೆ ಆರಂಭಿಸಿತು. ಅಂಚೆಚೀಟಿ ಸಂಗ್ರಹದಲ್ಲಿ ಆಸಕ್ತಿಯುಳ್ಳ, ಓದಿನಲ್ಲೂ ಮುಂದಿರುವ 6ರಿಂದ 9ನೇ ತರಗತಿಯ ಮಕ್ಕಳನ್ನು ರಸಪ್ರಶ್ನೆ ಹಾಗೂ ಕಿರು ಪ್ರಾಜೆಕ್ಟ್ ಮೂಲಕ ಆರಿಸಿ, ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಕೊಡುವುದು ಅದರ ನಿಯಮ. ಶಾಲೆಯಲ್ಲಿ ಅಂಚೆಚೀಟಿ ಸಂಘ ಇಲ್ಲದಿದ್ದರೆ, ವಿದ್ಯಾರ್ಥಿಯ ಹೆಸರಿನಲ್ಲಿ ಅಂಚೆಚೀಟಿ ಸಂಗ್ರಹದ ಠೇವಣಿ ಖಾತೆ ಇದ್ದರೂ ನಡೆಯುತ್ತದೆ. ಚಿತ್ತವಾಡ್ಗಿಯ ಮಕ್ಕಳು ಇದರ ವಿವರವನ್ನು ಹೊಸಪೇಟೆಯ ಅಂಚೆ ಕಚೇರಿಯಲ್ಲಿ ವಿಚಾರಿಸಬಹುದು.