ಶಲ್ಯಸಾರಥ್ಯವಿಚಾರ

ಒಂದೇ ಕಾರ್ಯದಲ್ಲಿ ನಿಯುಕ್ತರಾದವರೊಳಗೆ ಒಬ್ಬನು ಸಮರ್ಥನೂ ಕಟುಭಾಷಿಯೂ ಆಗಿದ್ದರೆ ಉಳಿದವರು ಅವನೊಡನೆ ಹೇಗೆ ನಡೆದುಕೊಳ್ಳತಕ್ಕದ್ದು? ಈ ಪ್ರಶ್ನೆಯನ್ನು ಮಹಾಭಾರತದ ಕರ್ಣಪರ್ವವು ಸಾಂಗವಾಗಿ ಪರೀಕ್ಷಿಸಿರುವುದೆಂದು ನನ್ನ ಅಭಿಪ್ರಾಯ. ಶಲ್ಯನನ್ನು ಕೇವಲ ದ್ರೋಹಿಯೆಂದು ಹೇಳಿ ಮುಂದೆ ಸಾಗುವುದು ಪಾಠಶಾಲೆಗಳಲ್ಲಿ ವಾಡಿಕೆ. ಮೂಲವನ್ನು ನೋಡಿದರೆ ಸಂಗತಿಯು ಅಷ್ಟು ಸುಲಭವಾಗಿಲ್ಲ.

ಮೊದಲನೆಯದಾಗಿ, ಶಲ್ಯನನ್ನು ಸಾರಥಿಯಾಗಿ ಬೇಡಿದವನು ಕರ್ಣನೇ. ಅರ್ಜುನನಿಗೆ ಕೃಷ್ಣನಿರುವಂತೆ ತನಗೂ ಅಶ್ವವಿದ್ಯೆಯಲ್ಲಿ ಅಂಥವನೊಬ್ಬನು ಬೇಕೆಂದು ಅವನ ವಾದ. ಸೂತನಿಗೆ ಸಾರಥಿಯಾಗಲೇ ಎಂದು ಮದ್ರರಾಜನು ಕೆರಳಿ ಎದ್ದನು. ದುರ್ಯೋಧನನು ಅವನನ್ನು ಕೃಷ್ಣನಿಗಿಂತ ಮಿಗಿಲೆಂದು ಹೊಗಳಿ, ತ್ರಿಪುರದಹನದಲ್ಲಿ ಶಿವನಿಗೆ ಬ್ರಹ್ಮನೇ ಸಾರಥಿಯಾದ ಕಥೆಯನ್ನು ಹೇಳಿ ಒಡಂಬಡಿಸಿದನು. ಆಗಲೂ ಶಲ್ಯನು ಒಂದು ಸಮಯವನ್ನು, ಎಂದರೆ ಕರಾರನ್ನು, ಮಾಡಿಕೊಂಡನು: ಕರ್ಣನ ಸಮ್ಮುಖದಲ್ಲಿ ತನಗೆ ತೋರಿದುದನ್ನು ತೋರಿದಂತೆ ನುಡಿಯುವೆನೆಂದು. ಇಬ್ಬರೂ ಒಪ್ಪಿದರು. ಕರ್ಣನ ತೇಜೋವಧವನ್ನು ಮಾಡುವೆನೆಂದು ಯುಧಿಷ್ಠಿರನಿಗೆ ಉದ್ಯೋಗಪರ್ವದಲ್ಲಿಯೇ ಕೊಟ್ಟಿದ್ದ ಮಾತು ಬೇರೆ ಇದ್ದಿತು. ಅದನ್ನು ಮರೆಯಬೇಕೆಂದು ನಾನು ಹೇಳುತ್ತಿಲ್ಲ.

ಹದಿನೇಳನೆಯ ದಿನ ರಥವು ಹೊರಟೊಡನೆಯೇ ಕಲಹ. ಶಲ್ಯನು ಎಂಜಲನ್ನುಂಡು ಕೊಬ್ಬಿದ ಕಾಗೆಯು ಹಂಸದೊಡನೆ ಪಂಥ ಕಟ್ಟಿದ ಕಥೆಯನ್ನು ಹೇಳುವನು. ಕರ್ಣನು ಮದ್ರದೇಶದ ಆಚಾರವನ್ನೇ ಹೀಯಾಳಿಸುವನು. ಬೈಗುಳು ಅಧ್ಯಾಯಗಳನ್ನೇ ತುಂಬಿದೆ. ಅದನ್ನು ನಿಲ್ಲಿಸಿದ ಬಗೆಯನ್ನಾದರೋ ಕವಿಯು ಎರಡು ಮಾತಿನಲ್ಲಿ ಮುಗಿಸಿರುವನು. ದುರ್ಯೋಧನನು ಕರ್ಣನನ್ನು ಸಖ್ಯದಿಂದಲೂ ಶಲ್ಯನನ್ನು ಕೈಮುಗಿದೂ ತಡೆದನಂತೆ. ಯಾರದು ತಪ್ಪೆಂದು ಅವನು ತೀರ್ಪು ಕೊಡಲಿಲ್ಲವೆಂಬುದನ್ನು ಗಮನಿಸಬೇಕು. ಕರ್ಣನು ಉತ್ತರ ಕೊಡದೆ, ನಕ್ಕು, ರಥವನ್ನು ನಡೆಸೆಂದನು. ಇಡೀ ಪರ್ವದಲ್ಲಿ ಕರ್ಣನ ಅತಿಶಯವಾದ ಧೈರ್ಯವು ಈ ನಗುವಿನಲ್ಲಿ ಕಾಣುವುದೆಂದು ನನಗೆ ತೋರುತ್ತದೆ.

ಅನಂತರದ ಶಲ್ಯನು ಕೆಲಸಗಾರನು. ಕರ್ಣನು ಯುಧಿಷ್ಠಿರನ ಮೇಲೆ ಬಿದ್ದಿರುವಾಗ, ಅತ್ತ ಭೀಮನ ಕೈಗೆ ಸಿಕ್ಕಿದ ದುರ್ಯೋಧನನನ್ನು ತೋರಿಸಿ ರಥವನ್ನು ತಿರುಗಿಸಿದವನು ಇವನೇ. ಅರ್ಜುನನು ಎದುರಾದಾಗ ಇವನನ್ನು ತಡೆಯಬಲ್ಲವನು ನೀನೊಬ್ಬನೇ ಎಂದು ಹುರಿದುಂಬಿಸುವನು. ಈಗ ನೀನು ಪ್ರಕೃತಿಸ್ಥನಾದೆ, ನನಗೆ ಸಮ್ಮತನಾದೆ ಎಂದು ಕರ್ಣನು ಹೇಳುವನು. ಶಲ್ಯನನ್ನು ನಿಂದಿಸುವವರು ಈ ಪ್ರಸಂಗವನ್ನು ಹೆಸರಿಸುವುದು ವಿರಳ.

ಇನ್ನು ಸರ್ಪಾಸ್ತ್ರದ ಸಂದರ್ಭ. ಈ ಬಾಣವು ಕೊರಳನ್ನು ಮುಟ್ಟದು, ಚೆನ್ನಾಗಿ ನೋಡಿ ಮತ್ತೆ ಹೂಡು ಎಂದು ಶಲ್ಯನೆಂದನು. ಕಾಗೆಯ ಕಥೆಯು ಕರ್ಣನನ್ನು ಕುರಿತುದು. ಈ ಮಾತು ಬಾಣವನ್ನು ಕುರಿತುದು. ನಾಲಗೆಯೊಂದೇ, ವಿಷಯ ಬೇರೆ. ಕರ್ಣನು ಎರಡು ಬಾರಿ ಹೂಡುವವನಲ್ಲವೆಂದು ಬಿಟ್ಟುಬಿಟ್ಟನು. ಕೃಷ್ಣನು ರಥವನ್ನು ನೆಲಕ್ಕೆ ಒತ್ತಲು ಕಿರೀಟವು ಮಾತ್ರ ಹೋಯಿತು. ನಮ್ಮ ಕುಮಾರವ್ಯಾಸನಲ್ಲಿ ಶಲ್ಯನು ಇಲ್ಲಿ ಮುನಿದು ರಥದಿಂದಿಳಿದು ಹೋಗುವನು. ನಾಟಕೀಯತೆಗೆ ಅದು ಒಪ್ಪುವುದು. ವ್ಯಾಸರ ಶಲ್ಯನು ಇಳಿಯುವುದಿಲ್ಲ. ಕರ್ಣನು ಬೀಳುವವರೆಗೂ ಇದ್ದು, ಧ್ವಜವಿಲ್ಲದ ರಥವನ್ನು ದುರ್ಯೋಧನನ ಬಳಿಗೆ ತಾನೇ ಹೊಡೆದುಕೊಂಡು ಬರುವನು. ಆ ಬರಿಯ ರಥವು ನನಗೆ ಹೆಚ್ಚು ಗಹನವಾಗಿ ಕಂಡಿದೆ.

ಈ ಭಾಗವನ್ನು ನಾನು ಮತ್ತೆ ಮತ್ತೆ ಓದುವುದಕ್ಕೆ ಸ್ವಂತ ಕಾರಣವೊಂದುಂಟು. ಹಿಂದೆ ಒಂದು ಹಳಗನ್ನಡ ಕಾವ್ಯದ ಓಲೆಪ್ರತಿಗಳನ್ನು ನಾವು ಮೂವರು ಕೂಡಿ ಶೋಧಿಸುತ್ತಿದ್ದೆವು. ಒಬ್ಬರು ನನ್ನ ಸಂಸ್ಕೃತಪಾಂಡಿತ್ಯವನ್ನು ಎದುರಿಗೇ ಅಣಕಿಸುವರು. ಒಂದು ಪದ್ಯದಲ್ಲಿ ನಾನು ಖಡ್ಗವಾಚಿಯಾದ ‘ಬಾಳ್’ ಎಂದು ಓದಿದೆನು. ಪ್ರಾಸವನ್ನು ನೋಡಿ, ಇದು ಜೀವಿಸು ಎಂಬರ್ಥದ ‘ಬಾೞ್’, ಲಿಪಿಕಾರನು ೞಕಾರವನ್ನು ಅರಿಯನು, ನಿಮ್ಮಂತೆಯೇ ಎಂದು ಅವರೆಂದರು. ಕೊನೆಯ ಎರಡು ಶಬ್ದಗಳು ಮಾತ್ರ ನನ್ನ ಕಿವಿಗೆ ಬಿದ್ದುವು. ನನ್ನ ಪಾಠವೇ ನಿಂತಿತು. ಮುದ್ರಣವಾದ ಮೇಲೆ ದೊರೆತ ಇನ್ನೊಂದು ಓಲೆಪ್ರತಿಯಲ್ಲಿ ೞಕಾರವು ಸ್ಪಷ್ಟವಾಗಿದ್ದಿತು. ಅದನ್ನು ತಿಳಿಸೋಣವೆಂದರೆ ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಪುಸ್ತಕದಲ್ಲಿ ‘ಬಾಳ್’ ಎಂದೇ ಇದೆ.